ಬೆಕ್ಕು, ಉಯಿಲು ಮತ್ತು ಒಂದು ಗುಟ್ಟು: ಹಗುರವಾದ ಪತ್ತೇದಾರಿ ಕಥೆ ಬರೆಯೋದು ಹೇಗೆ

ರಕ್ತ, ಕೊಲೆ ಏನೂ ಬೇಡ, ಓದಿ ಮುಗಿಸಿದ ಮೇಲೆ ನೆಮ್ಮದಿಯಾಗಿ ನಿದ್ದೆ ಬರಬೇಕು, ಸಾಕಿದ ಬೆಕ್ಕಿಗಾಗಿ ಬರೆದಿಟ್ಟ ಉಯಿಲಿನ ಸುತ್ತ ಅಂಥ ಒಂದು ಕಥೆ ಬರೆಯುವ ಆಸೆ ಇದೆಯಾ? ಹಾಗಾದರೆ ಬೆಕ್ಕಿನಿಂದ ಶುರು ಮಾಡಬೇಡಿ, ಉಯಿಲಿನಿಂದ ಶುರು ಮಾಡಿ. ಉಯಿಲಿನ ಷರತ್ತು ಗಟ್ಟಿ ಇಲ್ಲದಿದ್ದರೆ ಕಥೆ ಅರ್ಧಕ್ಕೇ ಕುಸಿಯುತ್ತದೆ.

ಕಾನೂನಿನ ಕಣ್ಣಿಗೆ ಸಾಕುಪ್ರಾಣಿಯೂ ಒಂದು ಆಸ್ತಿಯೇ. ಆಸ್ತಿಗೇ ಆಸ್ತಿ ಬರೆದುಕೊಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ದುಡ್ಡು ಒಬ್ಬ ಮನುಷ್ಯನ ಕೈಗೋ ಟ್ರಸ್ಟಿಗೋ ಹೋಗುತ್ತದೆ. 2007ರಲ್ಲಿ ತೀರಿಕೊಂಡ ಅಮೆರಿಕದ ಹೋಟೆಲ್ ಒಡತಿ ಲಿಯೋನಾ ಹೆಲ್ಮ್‌ಸ್ಲಿ ತಮ್ಮ ನಾಯಿ ಟ್ರಬಲ್‌ಗಾಗಿ 1.2 ಕೋಟಿ ಡಾಲರ್ ಇಟ್ಟು, ಇಬ್ಬರು ಮೊಮ್ಮಕ್ಕಳಿಗೆ ಏನೂ ಬಿಡಲಿಲ್ಲ. ಆಮೇಲೆ ನ್ಯಾಯಾಧೀಶರು ಅದನ್ನು 20 ಲಕ್ಷಕ್ಕೆ ಇಳಿಸಿದರು. ಅನುಮಾನ ಪಡಲು ಇಬ್ಬರು ಸಿದ್ಧವಾಗಿಯೇ ಸಿಕ್ಕರು ನೋಡಿ!

ನನಗೆ ತುಂಬಾ ಇಷ್ಟವಾದ ಷರತ್ತು ಇದು, ಬೆಕ್ಕು ಸಾಕಿದ್ದ ಅಜ್ಜಿಯೊಬ್ಬಳು ಬರೆದಿಟ್ಟು ಹೋದದ್ದು: ಬೆಕ್ಕು ಬದುಕಿರುವ ತನಕ ಅದನ್ನು ನೋಡಿಕೊಳ್ಳುವ ಹೆಂಗಸಿಗೆ ಅಜ್ಜಿಯ ಮನೆಯಲ್ಲಿ ವಾಸ, ತಿಂಗಳಿಗಿಷ್ಟು ದುಡ್ಡು. ಬೆಕ್ಕು ಸತ್ತ ದಿನ ಮನೆ ಅಜ್ಜಿಯ ತಮ್ಮನ ಮಗನ ಪಾಲು. ಈಗ ಓದುಗರ ಕಣ್ಣೆಲ್ಲ ಆ ಹುಡುಗನ ಮೇಲೆಯೇ ಇರುತ್ತದೆ, ಇರಲಿ ಬಿಡಿ. ಯಾಕಂದರೆ ನಿಜವಾಗಿ ನಡೆದದ್ದು ಬೇರೆ. ಬೆಕ್ಕು ವಯಸ್ಸಾಗಿ ಯಾವತ್ತೋ ಸತ್ತಿದೆ, ಹೋಗಲು ಬೇರೆ ಜಾಗವಿಲ್ಲದ ಆ ಹೆಂಗಸು ಸದ್ದಿಲ್ಲದೆ ಅದೇ ಥರದ ಇನ್ನೊಂದನ್ನು ತಂದು ಸಾಕುತ್ತಿದ್ದಾಳೆ.

ಸುಳಿವು ಹುದುಗಿಸುವುದೇ ಇಲ್ಲಿ ನಿಜವಾದ ಕೆಲಸ. ಬೆಕ್ಕನ್ನು ಮೂರು ಬಣ್ಣದ್ದು ಮಾಡಿ. ಕಪ್ಪು, ಕೇಸರಿ, ಬಿಳಿ ಮಚ್ಚೆಯ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಆ ಮಚ್ಚೆಗಳು ಎಲ್ಲಿ ಬೀಳುತ್ತವೆ ಅನ್ನೋದು ಗರ್ಭದಲ್ಲಿ ಆಕಸ್ಮಿಕವಾಗಿ ನಿರ್ಧಾರವಾಗುತ್ತದೆ. 2001ರಲ್ಲಿ ಅಂಥ ಒಂದು ಬೆಕ್ಕನ್ನು ಕ್ಲೋನ್ ಮಾಡಿದಾಗ, ಅಂದರೆ ಅದರದೇ ಜೀವಕೋಶದಿಂದ ನಕಲು ತೆಗೆದಾಗ, ಹುಟ್ಟಿದ ಮರಿಯ ಬಣ್ಣ ಕೂಡ ಮೂಲದ ಹಾಗೆ ಇರಲಿಲ್ಲ. ಅಂದರೆ ಅಚ್ಚು ಹಾಕಿದಂಥ ಇನ್ನೊಂದು ಬೆಕ್ಕು ಸಿಗುವುದೇ ಇಲ್ಲ, ಗೋಡೆಯ ಮೇಲಿನ ಹಳೇ ಫೋಟೋ ಒಂದು ದಿನ ಬಾಯಿ ಬಿಟ್ಟೇ ಬಿಡುತ್ತದೆ. ಆದರೆ ಫೋಟೋ ಮೊದಲೇ ತೋರಿಸಬೇಡಿ.

ಅದಕ್ಕೂ ಮುಂಚೆ ಸಣ್ಣದೊಂದು ತೋರಿಸಿ. ಮುದಿ ಬೆಕ್ಕು ಮಂಚ ಹತ್ತಲಿ ಅಂತ ಪಕ್ಕದಲ್ಲಿಟ್ಟ ಪುಟ್ಟ ಮರದ ಮೆಟ್ಟಿಲು, ಪಂಜ ಸವೆಸಿದ ಅದರ ಅಂಚು, ಈಗ ಅದರ ಮೇಲೆ ಧೂಳು. ಅದೇ ಕೋಣೆಯಲ್ಲಿ ಆಳೆತ್ತರದ ಬೀರುವಿನ ನೆತ್ತಿಯ ಮೇಲೆ ತಾಜಾ ಹೆಜ್ಜೆ ಗುರುತು. ಹದಿನಾರು ವರ್ಷದ, ಕೀಲು ನೋವಿನ ಬೆಕ್ಕು ಅಲ್ಲಿಗೆ ಹಾರಿತಾ? ಇದನ್ನು ಒಂದೇ ವಾಕ್ಯದಲ್ಲಿ ಹೇಳಿ, ಬೇರೆ ಮಾತಿಗೆ ಹೋಗಿಬಿಡಿ. ಜಾಸ್ತಿ ಹೊತ್ತು ಅಲ್ಲೇ ನಿಂತರೆ ಓದುಗರಿಗೆ ಗೊತ್ತಾಗಿಬಿಡುತ್ತದೆ.

ಮೈಕ್ರೋಚಿಪ್ ಮರೆಯಬೇಡಿ, ಸಾಕುಪ್ರಾಣಿಯ ಚರ್ಮದಡಿ ಸೂಜಿಯಿಂದ ಸೇರಿಸುವ ಪುಟ್ಟ ಗುರುತಿನ ಚಿಪ್ ಅದು. ಅದರ 15 ಅಂಕಿಯ ನಂಬರ್ ಓದಿದರೆ ಮೊದಲ ಪುಟದಲ್ಲೇ ಕಥೆ ಮುಗಿಯಿತು. ಬೆಕ್ಕಿಗೆ ಸೂಜಿ ಚುಚ್ಚಲು ಅಜ್ಜಿ ಒಪ್ಪಿರಲಿಲ್ಲ ಅಂತ ಶುರುವಿನಲ್ಲೇ ಯಾರ ಬಾಯಲ್ಲಾದರೂ ಹೇಳಿಸಿ.

ಕೊನೆಗೆ ಆ ಹೆಂಗಸನ್ನು ಜೈಲಿಗೆ ಕಳಿಸಬೇಡಿ, ಇಂಥ ಕಥೆಗೆ ಅದು ಒಗ್ಗುವುದಿಲ್ಲ. ಮನೆ ಹುಡುಗನಿಗೆ ಹೋಗಲಿ, ಹಿಂದಿನ ಕೋಣೆ ಅವಳಿಗೆ ಉಳಿಯಲಿ. ಇಷ್ಟು ದಿನ ಸತ್ತ ಬೆಕ್ಕಿನ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡದಿದ್ದ ಆ ಹೊಸ ಬೆಕ್ಕಿಗೆ, ಇಬ್ಬರೂ ಕೂತು ಅದರದೇ ಒಂದು ಹೆಸರು ಇಡಲಿ.