ಸಂಗೀತ ಮಾಸಿಕದ ಪರಿವಿಡಿ ಪುಟ: ಡಮ್ಮಿಯಿಂದ ಅಚ್ಚಿನವರೆಗೆ

ಮುಖಪುಟದಲ್ಲಿ ಗಾಯಕಿಯೊಬ್ಬರ ಚಿತ್ರ ನೋಡಿ ಪತ್ರಿಕೆ ಎತ್ತಿಕೊಂಡವರು ಮೊದಲು ಹುಡುಕುವುದು ಆ ಸಂದರ್ಶನ ಎಷ್ಟನೇ ಪುಟದಲ್ಲಿದೆ ಎಂಬುದನ್ನು. ಐದಾರು ಸೆಕೆಂಡಿನಲ್ಲಿ ಅದು ಸಿಗದಿದ್ದರೆ ಪರಿವಿಡಿ ಪುಟ ಎಷ್ಟು ಚೆಂದವಿದ್ದೂ ಉಪಯೋಗವಿಲ್ಲ. ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ 64 ಪುಟದ, ಎ4 ಗಾತ್ರದ, ಸೆಂಟರ್ ಪಿನ್ ಹೊಡೆದ ಕನ್ನಡ ಸಂಗೀತ ಮಾಸಿಕಕ್ಕೆ ಹೊಂದುವಂಥವು. ಗಾತ್ರ ಬೇರೆಯಾದರೆ ಲೆಕ್ಕ ಬದಲಿಸಿಕೊಳ್ಳಿ, ಕೆಲಸದ ಕ್ರಮ ಅದೇ.

ಮೊದಲು ಡಮ್ಮಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಇಡೀ ಸಂಚಿಕೆಯ ಡಮ್ಮಿ ಕೈಯಲ್ಲಿರಬೇಕು: ಯಾವ ಪುಟದಲ್ಲಿ ಯಾವ ಲೇಖನ, ಎಲ್ಲಿ ಜಾಹೀರಾತು, ಬಣ್ಣದ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಎಲ್ಲಿಂದ ಎಲ್ಲಿಗೆ. ಸೆಂಟರ್ ಪಿನ್ ಪತ್ರಿಕೆಯ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕಾದ್ದರಿಂದ, ಕೊನೆ ಗಳಿಗೆಯಲ್ಲಿ ಒಂದು ಪುಟದ ಜಾಹೀರಾತು ಬಂದರೆ ಪುಟ ಹೆಚ್ಚಿಸಲಾಗದು, ಇರುವುದನ್ನೇ ಸರಿಸಬೇಕು. ಆಗ ಪರಿವಿಡಿಯ ಅರ್ಧಕ್ಕರ್ಧ ಅಂಕಿಗಳು ತಪ್ಪಾಗುತ್ತವೆ. ಆದ್ದರಿಂದ ವಿನ್ಯಾಸವನ್ನು ಮೊದಲೇ ಮುಗಿಸಿಡಿ, ಅಂಕಿಗಳನ್ನು ಎಲ್ಲಕ್ಕಿಂತ ಕೊನೆಗೆ ತುಂಬಿ. ಅಲ್ಲಿಯವರೆಗೆ ಅಂಕಿಯ ಜಾಗದಲ್ಲಿ 00 ಎಂದು ಕೆಂಪು ಬಣ್ಣದಲ್ಲಿ ಬಿಟ್ಟಿರಿ. ಅಂದಾಜಿನ ಅಂಕಿ ಹಾಕಿಟ್ಟರೆ ಅದು ನಿಜವಾದ ಅಂಕಿಯ ಹಾಗೇ ಕಾಣುತ್ತದೆ, ಪ್ರೂಫ್ ನೋಡುವವರ ಕಣ್ಣು ತಪ್ಪಿಸಿ ಅಚ್ಚಾಗಿಬಿಡುತ್ತದೆ.

ಮುಖಪುಟವನ್ನು 1 ಎಂದು ಎಣಿಸಿದರೆ ಅದರ ಒಳಬದಿ 2, ಎದುರಿನ ಬಲಪುಟ 3. ಪರಿವಿಡಿಗೆ ಬಲಪುಟವೇ ಒಳ್ಳೆಯದು, ಪುಟ ಮಗುಚುವಾಗ ಕಣ್ಣು ಮೊದಲು ಬೀಳುವುದು ಅಲ್ಲಿ. ಆದರೆ 3ನೇ ಪುಟಕ್ಕೆ ಜಾಹೀರಾತಿನವರು ಹೆಚ್ಚು ದುಡ್ಡು ಕೊಡುತ್ತಾರೆ, ಹಾಗಾಗಿ ಪರಿವಿಡಿ 5ಕ್ಕೆ ಹೋಗುವುದು ಮಾಮೂಲು. ಅದಕ್ಕಿಂತ ಒಳಗೆ ತಳ್ಳಬೇಡಿ.

ವಿಭಾಗಗಳು

ಇಂಗ್ಲೆಂಡಿನ ಸಂಗೀತ ಪತ್ರಿಕೆಗಳು ಈ ಪುಟವನ್ನು ಚೆನ್ನಾಗಿ ಪಳಗಿಸಿದ್ದವು. 1986ರಲ್ಲಿ ಶುರುವಾಗಿ 2020ರವರೆಗೆ ಮುದ್ರಣವಾದ ‘ಕ್ಯೂ’ ಮಾಸಿಕ ವಿಶೇಷ ಲೇಖನಗಳು, ಪ್ರತಿ ತಿಂಗಳ ಅಂಕಣಗಳು, ವಿಮರ್ಶೆಗಳು ಎಂದು ಪಟ್ಟಿಯನ್ನು ಒಡೆದು, ತನ್ನ ಲಾಂಛನದ ಕೆಂಪನ್ನೇ ಪಟ್ಟಿಗೂ ಬಳಸುತ್ತಿತ್ತು. ‘ಎನ್‌ಎಂಇ’ ವಾರಪತ್ರಿಕೆ ಒಂದು ಅಂಚಿನ ಕಾಲಂನಲ್ಲಿ ಬ್ಯಾಂಡ್‌ಗಳ ಹೆಸರನ್ನು ಅಕ್ಷರ ಕ್ರಮದಲ್ಲಿ ಪುಟಸಂಖ್ಯೆಯೊಂದಿಗೆ ಕೊಡುತ್ತಿತ್ತು. ಸಂಗೀತದ ಓದುಗರಿಗೆ ಲೇಖನದ ತಲೆಬರಹಕ್ಕಿಂತ ಕಲಾವಿದರ ಹೆಸರು ಮುಖ್ಯ ಎಂಬುದು ಆ ಸೂಚಿಯ ಹಿಂದಿನ ಲೆಕ್ಕ. ಇವೆರಡೂ ಕನ್ನಡಕ್ಕೆ ಹಾಗೇ ಒಗ್ಗುತ್ತವೆ.

ನಮ್ಮ ಮಾಸಿಕಕ್ಕೆ ಮೂರು ಗುಂಪು ಸಾಕು. ಮುಖಪುಟ ಲೇಖನವೂ ಸೇರಿ ನಾಲ್ಕೈದು ವಿಶೇಷ ಲೇಖನಗಳು. ರಾಗ ಪರಿಚಯ, ವಾದ್ಯ, ಪತ್ರಗಳು ಮುಂತಾದ ಅಂಕಣಗಳು. ಕಛೇರಿ ಮತ್ತು ಆಲ್ಬಂ ವಿಮರ್ಶೆಗಳು, ಕಾರ್ಯಕ್ರಮ ಪಟ್ಟಿ. ರಾಮನವಮಿ ಸಂಗೀತೋತ್ಸವಗಳ ತಿಂಗಳಲ್ಲಿ ಬಹಳಷ್ಟು ಓದುಗರು ಪತ್ರಿಕೆ ತೆರೆಯುವುದೇ ಕಛೇರಿಗಳ ವೇಳಾಪಟ್ಟಿಗಾಗಿ. ಆ ಸಂಚಿಕೆಯಲ್ಲಿ ಅದನ್ನು ಮೂರನೇ ಗುಂಪಿನ ತಳದಲ್ಲಿ ಹೂತುಹಾಕದೆ ವಿಶೇಷ ಲೇಖನಗಳ ಸಾಲಿಗೆ ಏರಿಸಿ.

ಕಲಾವಿದರ ಸೂಚಿ ಮಾಡುವಾಗ ಇನಿಶಿಯಲ್ ಬಿಟ್ಟು ಹೆಸರಿನ ಮೊದಲ ಅಕ್ಷರ ಹಿಡಿಯಿರಿ. ಟಿ. ಚೌಡಯ್ಯ ಚಕಾರದಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿ ಸಕಾರದಲ್ಲಿ. ಪಂ., ಉಸ್ತಾದ್, ವಿದುಷಿ ಇವೆಲ್ಲ ಸೂಚಿಯಲ್ಲಿ ಬೇಡ, ಲೇಖನದಲ್ಲಿರಲಿ. ಇಲ್ಲದಿದ್ದರೆ ಅರ್ಧ ಪಟ್ಟಿ ಪಕಾರದಲ್ಲೇ ನಿಲ್ಲುತ್ತದೆ. ಕಾಗುಣಿತದ ಕಡೆಗೂ ನಿಗಾ ಇರಲಿ: ಜೋಶಿ–ಜೋಷಿ, ಮನ್ಸೂರ–ಮನಸೂರ, ಹಾನಗಲ್–ಹಾನಗಲ್ಲ. ಲೇಖನದಲ್ಲಿ ಒಂದು, ಪರಿವಿಡಿಯಲ್ಲಿ ಇನ್ನೊಂದು ಇದ್ದರೆ ಸಂಗೀತದ ಓದುಗರು ಕ್ಷಮಿಸುವುದಿಲ್ಲ, ಪತ್ರ ಬರೆಯುತ್ತಾರೆ.

ಪುಟದ ಲೆಕ್ಕ

ಎ4 ಅಂದರೆ 210 × 297 ಮಿ.ಮೀ. ಒಳ ಮಾರ್ಜಿನ್ 18, ಹೊರ ಮಾರ್ಜಿನ್ 12, ಮೇಲೆ 15, ಕೆಳಗೆ 18 ಮಿ.ಮೀ. ಬಿಡಿ. ಸುತ್ತ 3 ಮಿ.ಮೀ. ಬ್ಲೀಡ್ (ಅಚ್ಚಾದ ಮೇಲೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು); ಕೆಲವು ಪ್ರೆಸ್‌ಗಳು 5 ಕೇಳುತ್ತವೆ, ಮೊದಲೇ ವಿಚಾರಿಸಿಕೊಳ್ಳಿ. ಉಳಿದ 180 ಮಿ.ಮೀ. ಅಗಲವನ್ನು ಆರು ಕಾಲಂ ಮಾಡಿ. ಕಾಲಂ ನಡುವಿನ ತೆರಪು 6 ಮಿ.ಮೀ. ಇಟ್ಟರೆ ಪ್ರತಿ ಕಾಲಂ ಸರಿಯಾಗಿ 25 ಮಿ.ಮೀ. ಬರುತ್ತದೆ. ಎರಡು ಕಾಲಂ ಸೇರಿದರೆ 56, ನಾಲ್ಕು ಸೇರಿದರೆ 118. ಎಡಗಡೆಯ 56ರಲ್ಲಿ ಅಂಕಣಗಳ ಮತ್ತು ವಿಮರ್ಶೆಗಳ ಪಟ್ಟಿ, ಅದರ ಕೆಳಗೆ ಕಲಾವಿದರ ಸೂಚಿ. ಬಲಗಡೆಯ 118ರಲ್ಲಿ ಮೇಲೆ ದೊಡ್ಡ ಚಿತ್ರ, ಅದರಡಿ 56ರ ಎರಡು ಕಾಲಂಗಳಲ್ಲಿ ವಿಶೇಷ ಲೇಖನಗಳು. ಬಲಪುಟಕ್ಕೆ ಇದು ಹೊಂದುತ್ತದೆ: ಚಿತ್ರ ಹೊರ ಅಂಚಿನ ಕಡೆ ಬರುವುದರಿಂದ ಬೇಕಿದ್ದರೆ ಬ್ಲೀಡ್‌ವರೆಗೂ ಹರಿಸಬಹುದು.

ಬೇಸ್‌ಲೈನ್ ಗ್ರಿಡ್ (ಅಕ್ಷರದ ಸಾಲುಗಳು ಕೂರುವ ಅಡ್ಡಗೆರೆಗಳ ಜಾಲ) 14 ಪಾಯಿಂಟ್‌ಗೆ ಇಡಿ. ಎತ್ತರದಲ್ಲಿ 53 ಸಾಲು ಸಿಗುತ್ತವೆ. ದೊಡ್ಡ ಚಿತ್ರಕ್ಕೆ 20 ಸಾಲಿನ ಎತ್ತರ, ಅಂದರೆ ಸುಮಾರು 99 ಮಿ.ಮೀ. ಕೊಡಿ. ಪತ್ರಿಕೆಯ ಹೆಸರು, ತಿಂಗಳು, ಸಂಪುಟ–ಸಂಚಿಕೆ ಸಂಖ್ಯೆ ಇವಕ್ಕೆ ಮೇಲೆ ಐದಾರು ಸಾಲು ಸಾಕು.

ಕನ್ನಡ ಅಕ್ಷರ ಕೂರಿಸುವುದು

ಇಂಗ್ಲಿಷ್ ಪತ್ರಿಕೆಯ ಟೆಂಪ್ಲೇಟ್ ತಂದು ಕನ್ನಡ ತುಂಬಿದ ಪರಿವಿಡಿಗಳು ಕೆಡುವುದು ಇಲ್ಲೇ. ಅವರ ಟೆಂಪ್ಲೇಟ್‌ನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಿನ ಅಂತರ ಇರುತ್ತದೆ. ಅಷ್ಟರಲ್ಲಿ ‘ಶಾಸ್ತ್ರೀಯ’ ಎಂಬ ಪದದ ಎರಡಂತಸ್ತಿನ ಒತ್ತು ಕೆಳಗಿನ ಸಾಲಿನ ‘ಗೀತೆ’ಯ ತಲೆಗೆ ಬಡಿಯುತ್ತದೆ. ಕನ್ನಡಕ್ಕೆ ಅಕ್ಷರದ ಗಾತ್ರದ ಒಂದೂವರೆ ಪಾಲು ಬೇಕು: ತಲೆಬರಹದ ಕೆಳಗಿನ ಪರಿಚಯದ ಸಾಲಿಗೆ 9.5ರ ಅಕ್ಷರ, 14ರ ಅಂತರ. ತಲೆಬರಹ 13 ಪಾಯಿಂಟ್ ದಪ್ಪಕ್ಷರ. ಎರಡು ಸಾಲಾದರೆ 14ರ ಗ್ರಿಡ್ ಸಾಲದು, ತಲೆಬರಹಕ್ಕೆ ಮಾತ್ರ ಗ್ರಿಡ್ ಬಿಡಿಸಿ 19 ಕೊಡಿ.

ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ, ನಿಜವಾದ ಇಟಾಲಿಕ್ ಕೂಡ ಇಲ್ಲದಂತೆಯೇ. ಹಾಗಾಗಿ ಮೇಲು–ಕೆಳಗಿನ ಅಂತಸ್ತು ತೋರಿಸಲು ಗಾತ್ರ, ದಪ್ಪ, ಬಣ್ಣ ಈ ಮೂರನ್ನೇ ನೆಚ್ಚಬೇಕು. ಹಲವು ದಪ್ಪಗಳಿರುವ ಒಂದೇ ಫಾಂಟ್ ಕುಟುಂಬ ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಅನೇಕ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ 2 ಉಚಿತವಾಗಿ ಸಿಗುತ್ತವೆ. ಬಲೂ ತಲೆಬರಹಕ್ಕಷ್ಟೇ, ಸಣ್ಣ ಗಾತ್ರದಲ್ಲಿ ಓದುವುದು ಕಷ್ಟ. ದಪ್ಪ ಇಲ್ಲದ ಫಾಂಟ್‌ಗೆ ಸ್ಟ್ರೋಕ್ (ಅಂಚುಗೆರೆ) ಹಾಕಿ ದಪ್ಪ ಮಾಡಬೇಡಿ, ‘ಷ’ ಮತ್ತು ‘ಪ’ಗಳ ಹೊಟ್ಟೆಯ ತೆರಪು ಮುಚ್ಚಿ ಎರಡೂ ಒಂದೇ ಆಗುತ್ತವೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಟ್ರ್ಯಾಕಿಂಗ್ ಸಹ ಬೇಡ. ‘ವೀಣೆ’ಯ ದೀರ್ಘ ಚಿಹ್ನೆ ಅಕ್ಷರದಿಂದ ಕಳಚಿ ಬೇರೆಯೇ ನಿಲ್ಲುತ್ತದೆ.

ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸ್ಟೈಲಿಗೆ ‘ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆಯ್ಕೆಯಾಗಿದೆಯೇ ನೋಡಿ, ಆಗಿಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಉಚಿತ ತಂತ್ರಾಂಶವೇ ಬೇಕೆಂದರೆ ಸ್ಕ್ರೈಬಸ್ 1.6 ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ, ಹಳೆಯ 1.4ರಲ್ಲಿ ಆಗದು.

ಇನ್ನೊಂದು ಗೋಳು ನುಡಿ ಅಥವಾ ಬರಹ ತಂತ್ರಾಂಶದಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯದ್ದು. ಸಂಗೀತ ಪತ್ರಿಕೆಗೆ ಎರಡು ಪದ ನೆನಪಿದ್ದರೆ ಸಾಕು. ‘ರ‍್ಯಾಪ್’ ಬರಲು ರ ಆದಮೇಲೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಬೇಕು. ಅದು ಕಳೆದುಹೋದರೆ ರಕಾರ ಅರ್ಕಾವತ್ತಾಗಿ ‘ರ್ಯಾಪ್’ ಎಂದಾಗುತ್ತದೆ. ‘ಬ್ಯಾಂಡ್‌ಗಳು’ ಎಂಬಲ್ಲಿ ಬೇರ್ಪಡಿಸುವ ಚಿಹ್ನೆ ಕಳೆದರೆ ‘ಬ್ಯಾಂಡ್ಗಳು’ ಎಂದು ಗಕಾರ ಒತ್ತಾಗಿ ಕೆಳಗಿಳಿಯುತ್ತದೆ. ಪರಿವಿಡಿಯಲ್ಲಿ ಇಂಥ ಪದಗಳು ತಲೆಬರಹದ ಗಾತ್ರದಲ್ಲಿ ಇರುವುದರಿಂದ ದೂರದಿಂದಲೇ ಕಣ್ಣಿಗೆ ಹೊಡೆಯುತ್ತವೆ.

ಅಂಕಿಗಳು

ಪುಟಸಂಖ್ಯೆ ತಲೆಬರಹದ ಎಡಕ್ಕೆ, ಅಂಟಿಕೊಂಡಂತೆ ಇರಲಿ. ಪುಸ್ತಕದ ಪರಿವಿಡಿಯಂತೆ ಚುಕ್ಕಿ ಸಾಲು ಎಳೆದು ಬಲ ತುದಿಗೆ ಒಯ್ದರೆ ಕಣ್ಣು ದಾರಿಯಲ್ಲಿ ಸಾಲು ತಪ್ಪುತ್ತದೆ. ವಿಶೇಷ ಲೇಖನಗಳ ಅಂಕಿ 24 ಪಾಯಿಂಟ್ ದಪ್ಪ, ಅಂಕಣಗಳದ್ದು 11. ಅಂಕಿಗಳನ್ನು 10 ಮಿ.ಮೀ. ಅಗಲದ ಜಾಗದಲ್ಲಿ ಬಲಕ್ಕೆ ಹೊಂದಿಸಿ, ಆಗ 8 ಮತ್ತು 42 ಒಂದೇ ಗೆರೆಯಲ್ಲಿ ಮುಗಿಯುತ್ತವೆ. ಕನ್ನಡ ಅಂಕಿ ಬಳಸುವುದೋ ಬೇಡವೋ ಎಂಬುದು ಪತ್ರಿಕೆಯ ಇಷ್ಟ. ಬಳಸಿದರೆ ಒಳಪುಟಗಳ ಅಡಿಯಲ್ಲೂ ಅವೇ ಇರಬೇಕು. ಪರಿವಿಡಿಯಲ್ಲಿ ೪೨, ಪುಟದಡಿಯಲ್ಲಿ 42 ಇದ್ದರೆ ಓದುಗರು ಪ್ರತಿ ಸಲ ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳಬೇಕಾಗುತ್ತದೆ. ಮುಖಪುಟ ಲೇಖನದ ಅಂಕಿಗೆ ಮಾತ್ರ ಬೇರೆ ಬಣ್ಣ ಕೊಡಿ, ಮುಖಪುಟದಲ್ಲಿ ಬಳಸಿದ ಬಣ್ಣವನ್ನೇ.

ತಲೆಬರಹ, ಪರಿಚಯ

56 ಮಿ.ಮೀ. ಅಗಲದಲ್ಲಿ 13 ಪಾಯಿಂಟ್ ದಪ್ಪಕ್ಷರ ಸಾಲಿಗೆ ಹದಿನಾಲ್ಕರ ಆಸುಪಾಸು ಹಿಡಿಯುತ್ತದೆ. ಅಂಕಿಯ ಜಾಗ ಕಳೆದರೆ ಹನ್ನೆರಡೂ ಕಷ್ಟ. ಒಳಪುಟದ ಉದ್ದ ತಲೆಬರಹ ಇಲ್ಲಿ ಮೂರ್ನಾಲ್ಕು ಸಾಲಾಗುತ್ತದೆ. ಹಾಗಾದಾಗ ಅಕ್ಷರ ಕುಗ್ಗಿಸಬೇಡಿ, ತಲೆಬರಹವನ್ನೇ ಕತ್ತರಿಸಿ. ಮುಖ್ಯ ಪದವೊಂದು ಎರಡೂ ಕಡೆ ಇದ್ದರೆ ಸಾಕು. ಅದರ ಕೆಳಗಿನ ಪರಿಚಯ ಹತ್ತು–ಹನ್ನೆರಡು ಪದ. ‘ಖ್ಯಾತ ಕುಶಲಕರ್ಮಿಯೊಂದಿಗೆ ವಿಶೇಷ ಸಂದರ್ಶನ’ ಎಂಬುದು ಯಾವ ಸಂಚಿಕೆಗೂ ಹೊಂದುವ ಸಾಲು, ಅಂದರೆ ಏನನ್ನೂ ಹೇಳದ ಸಾಲು. ‘ತಾನಪುರಕ್ಕೆ ಸೋರೆಬುರುಡೆ ಆರಿಸುವುದು ಹೇಗೆ: ಮೀರಜ್‌ನ ವಾದ್ಯ ತಯಾರಕರ ಮಾತು’ ಎಂದರೆ ಓದುಗರು ಆ ಪುಟಕ್ಕೆ ಹೋಗುತ್ತಾರೆ. ಅಂಕಣಗಳಿಗೆ ಪರಿಚಯ ಬೇಡ. ‘ರಾಗ ಪರಿಚಯ: ಚಾರುಕೇಶಿ’ ಎಂದರೆ ಮುಗಿಯಿತು.

ಚಿತ್ರಗಳು

ಒಂದು ದೊಡ್ಡದು, ಎರಡೋ ಮೂರೋ ಸಣ್ಣವು. ಎಲ್ಲವೂ ಒಂದೇ ಗಾತ್ರವಾದರೆ ಯಾವುದು ಮುಖ್ಯ ಎಂದು ಗೊತ್ತಾಗದು. ದೊಡ್ಡದರ ವಿಸ್ತೀರ್ಣ ಸಣ್ಣದರ ಮೂರರಷ್ಟಾದರೂ ಇರಲಿ. ಪ್ರತಿ ಚಿತ್ರದ ಮೂಲೆಯಲ್ಲಿ ಪುಟಸಂಖ್ಯೆ ಕಡ್ಡಾಯ. ಮುಖಪುಟದ ಚಿತ್ರವನ್ನೇ ಇಲ್ಲಿ ಮತ್ತೆ ಬಳಸಬೇಡಿ, ಅದೇ ಶೂಟ್‌ನ ಇನ್ನೊಂದು ಭಂಗಿ ಇರಲಿ. 118 × 99 ಮಿ.ಮೀ. ಚಿತ್ರಕ್ಕೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ ಸುಮಾರು 1400 × 1170 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ತೆರೆಯ ಮೇಲೆ ಚೆನ್ನಾಗಿ ಕಂಡರೂ ಕುಗ್ಗಿಸಿದ ಪ್ರತಿಯಾಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಛಾಯಾಗ್ರಾಹಕರಿಗೆ ಹೇಳಿ.

ಕಛೇರಿ ಫೋಟೊಗಳ ದೊಡ್ಡ ತೊಂದರೆ ವೇದಿಕೆಯ ಎಲ್‌ಇಡಿ ಬೆಳಕು. ಕಡುನೀಲಿ ಬೆಳಕಲ್ಲಿ ತೆಗೆದದ್ದು ಅಚ್ಚಿನ ನಾಲ್ಕು ಶಾಯಿಗಳಾದ ಸಿಎಂವೈಕೆಗೆ ಬಂದಾಗ ಮಂಕಾದ ನೇರಳೆಯಾಗುತ್ತದೆ, ಕೆಂಪು ಬೆಳಕಲ್ಲಿ ಮುಖದ ವಿವರವೇ ಅಳಿದು ಒಂದು ಕೆಂಪು ತೇಪೆ ಉಳಿಯುತ್ತದೆ. ಅಂಥದ್ದನ್ನು ಕಪ್ಪು–ಬಿಳುಪು ಮಾಡಿಬಿಡುವುದು ಜಾಣತನ. ಮೃದಂಗ, ತಬಲಾ ಕಲಾವಿದರ ಚಿತ್ರ ಕತ್ತರಿಸುವಾಗ ಕೈ ಉಳಿಸಿ; ಮುಖ ಮಾತ್ರ ಇಟ್ಟರೆ ಅವರು ಏನು ನುಡಿಸುತ್ತಾರೆಂದೇ ತಿಳಿಯದು.

ಚಿತ್ರದ ಮೇಲೆ ಬಿಳಿ ಅಕ್ಷರ ಕೂರಿಸಬೇಕಾದರೆ 11 ಪಾಯಿಂಟ್‌ಗಿಂತ ಸಣ್ಣದು ಬೇಡ. ನಾಲ್ಕು ಬಣ್ಣದ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಒಳಗೆ ಶಾಯಿ ತುಂಬಿಕೊಳ್ಳುತ್ತದೆ. ಕಪ್ಪು ಪಠ್ಯವನ್ನೆಲ್ಲ ಬರೀ ಕೆ 100ರಲ್ಲಿಡಿ, ಅಂದರೆ ಕಪ್ಪು ಶಾಯಿ ಮಾತ್ರ. ನಾಲ್ಕೂ ಬಣ್ಣ ಸೇರಿ ಒಟ್ಟು ಶಾಯಿ ಆರ್ಟ್ ಪೇಪರಿಗೆ 300 ಪ್ರತಿಶತ, ನ್ಯೂಸ್‌ಪ್ರಿಂಟ್‌ಗೆ 240 ಮೀರದಿರಲಿ. ಮೀರಿದರೆ ಹಿಂದಿನ ಪುಟಕ್ಕೆ ಕಲೆ ಹತ್ತುತ್ತದೆ.

ಕೊನೆಯ ತಪಾಸಣೆ

ಎಲ್ಲ ಪುಟ ಅಂತಿಮವಾದ ಮೇಲೆ ಇಡೀ ಸಂಚಿಕೆಯನ್ನು ಕಾಗದದ ಮೇಲೆ ತೆಗೆದು, ಮಡಚಿ, ಇಬ್ಬರು ಕೂತುಕೊಳ್ಳಿ. ಒಬ್ಬರು ಪರಿವಿಡಿಯ ಅಂಕಿ ಮತ್ತು ತಲೆಬರಹ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಆ ಪುಟ ತೆರೆದು ಹೌದೆನ್ನಲಿ. ಚಿತ್ರದ ಮೂಲೆಯ ಅಂಕಿ, ಕಲಾವಿದರ ಸೂಚಿಯ ಅಂಕಿ, ಮುಖಪುಟದಲ್ಲೇನಾದರೂ ಪುಟಸಂಖ್ಯೆ ಕೊಟ್ಟಿದ್ದರೆ ಅದು, ಎಲ್ಲವೂ ಬರಬೇಕು. ಇನ್‌ಡಿಸೈನ್‌ನಲ್ಲಿ ಕ್ರಾಸ್ ರೆಫರೆನ್ಸ್ ಹಾಕಿ ಅಂಕಿ ತಾನಾಗಿ ಬದಲಾಗುವಂತೆ ಮಾಡಿದ್ದರೂ ಈ ಓದು ತಪ್ಪಿಸಬೇಡಿ. ಲೇಖನವನ್ನು ಕಾಪಿ ಮಾಡಿ ಬೇರೆ ಕಡತಕ್ಕೆ ಒಯ್ದಾಗ ಕೊಂಡಿ ಹಳೆಯ ಕಡತಕ್ಕೇ ಅಂಟಿಕೊಂಡಿರುತ್ತದೆ. ಹೋದ ತಿಂಗಳ ಕಡತದ ಮೇಲೇ ಕೆಲಸ ಮಾಡಿದ್ದರೆ ತಿಂಗಳು, ಸಂಚಿಕೆ ಸಂಖ್ಯೆ, ಚಿತ್ರಕೃಪೆ ಈ ಮೂರನ್ನು ಬೇರೆಯಾಗಿ ನೋಡಿ, ಹಳೆಯದು ಉಳಿಯುವುದು ಇಲ್ಲೇ.

ಪಿಡಿಎಫ್ ಆವೃತ್ತಿಯೂ ಇದ್ದರೆ ತಲೆಬರಹ, ಅಂಕಿ ಎರಡಕ್ಕೂ ಕೊಂಡಿ ಕೊಡಿ. ಫೋನಿನಲ್ಲಿ ಬರೀ ಅಂಕಿಯ ಮೇಲೆ ಬೆರಳು ನಿಲ್ಲದು. ಮುಖಪುಟವನ್ನು ಎಣಿಕೆಯಿಂದ ಬಿಟ್ಟು ಒಳಹಾಳೆಯಿಂದ 1 ಎಂದು ಶುರು ಮಾಡುವ ಪತ್ರಿಕೆಯಾದರೆ ಪಿಡಿಎಫ್ ತೋರಿಸುವ ಸಂಖ್ಯೆ ಎರಡು ಹೆಚ್ಚಿರುತ್ತದೆ. ಪರಿವಿಡಿಯಲ್ಲಿ 18 ನೋಡಿ 18 ಎಂದು ಟೈಪ್ ಮಾಡಿದವರು 16ರಲ್ಲಿ ಇಳಿಯುತ್ತಾರೆ. ಆಕ್ರೋಬ್ಯಾಟ್‌ನ ‘ಪೇಜ್ ಲೇಬಲ್ಸ್’ನಲ್ಲಿ ಮೊದಲ ಎರಡು ಪುಟಕ್ಕೆ ಬೇರೆ ಗುರುತು ಕೊಟ್ಟು, ಮೂರನೆಯದರಿಂದ 1 ಎಂದು ಎಣಿಕೆ ಶುರು ಮಾಡಿದರೆ ಎರಡೂ ತಾಳೆಯಾಗುತ್ತವೆ.