ಸೋರುವ ಸಾಲಿಗೆ ಪಂಚಾಯಿತಿ ಹಣ: ಠರಾವಿನಿಂದ ಬಿಲ್ಲಿನವರೆಗೆ

ಮೊದಲ ಜೋರು ಮಳೆ ಬಿದ್ದ ಮರುದಿನ ಆಳಂದ, ಚಿಂಚೋಳಿ, ಔರಾದ್, ಶಹಾಪುರ ಕಡೆಯ ಪಂಚಾಯಿತಿ ಕಚೇರಿಗಳಲ್ಲಿ ಒಂದೇ ಮಾತು: ‘ಸಾಲಿ (ಶಾಲೆ) ಸೋರ್ಲಾಕತ್ತದ, ಏನರ ಮಾಡ್ರಿ’. ಬರುವ ಉತ್ತರವೂ ಒಂದೇ: ‘ಅನುದಾನ ಇಲ್ರೀ’. ಹೆಚ್ಚಿನ ಸಲ ಆ ಉತ್ತರ ನಿಜವೇ ಆಗಿರುತ್ತದೆ. ಆ ವರ್ಷ ಯಾವ ಕೆಲಸಕ್ಕೆ ಎಷ್ಟು ಎಂಬುದು ಏಪ್ರಿಲ್‌ಗೆ ಮೊದಲೇ ಕ್ರಿಯಾ ಯೋಜನೆಯಲ್ಲಿ ಹಂಚಿಹೋಗಿರುತ್ತದೆ. ಜುಲೈನಲ್ಲಿ ಕೇಳಿದವರಿಗೆ ಉಳಿಯುವುದು ಭರವಸೆ ಮಾತ್ರ. ಮುಂದಿನ ಬೇಸಿಗೆ ರಜೆಯಲ್ಲಿ ಚಾವಣಿ ರಿಪೇರಿ ಆಗಬೇಕಾದರೆ ಈ ದಸರೆ–ದೀಪಾವಳಿ ಹೊತ್ತಿಗೇ ಅದನ್ನು ಯೋಜನೆಯಲ್ಲಿ ಬರೆಸಬೇಕು.

ಮೊದಲು ಕಟ್ಟಡ ನೋಡಿ, ಆಮೇಲೆ ಕಾಗದ

ಮುಖ್ಯ ಗುರುಗಳು, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಊರಿನ ಒಬ್ಬ ಗೌಂಡಿ ಕೂಡಿ ಶಾಲೆಯನ್ನು ಒಂದು ಸುತ್ತು ಹಾಕಿ. ಮಳೆ ಬರುವಾಗಲೇ ನೋಡಿದರೆ ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಫೋಟೊ ತೆಗೆಯಿರಿ, ಕೋಣೆಯ ಸಂಖ್ಯೆ, ತಾರೀಖು ಬರೆದಿಡಿ.

ನಮ್ಮ ಭಾಗದ ಕಟ್ಟಡಗಳಿಗೆ ಅವುಗಳದ್ದೇ ಆದ ರೋಗಗಳಿವೆ. ಶಹಾಬಾದ್ ಕಲ್ಲಿನ ಹಳೆಯ ಚಾವಣಿಯಲ್ಲಿ ಕಲ್ಲು ಗಟ್ಟಿಯಾಗಿಯೇ ಇದ್ದರೂ ಸಂದಿಯ ಗಾರೆ ಸತ್ತುಹೋಗಿ ಸೋರುತ್ತದೆ. ಇದು ಸಣ್ಣ ಖರ್ಚಿನ ಕೆಲಸ. ಆರ್‌ಸಿಸಿ ಚಾವಣಿಯ ಕಬ್ಬಿಣ ತುಕ್ಕು ಹಿಡಿದು, ಪದರು ಎದ್ದು ಬೀಳುತ್ತಿದ್ದರೆ ಸಂಗತಿ ಬೇರೆ. ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವುದನ್ನು ಅಂದೇ ನಿಲ್ಲಿಸಿ, ಎಂಜಿನಿಯರ್ ಬಂದು ನೋಡಲಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಲಿಖಿತ ಪತ್ರ ಕೊಡಿ. ಎರೆ ಭೂಮಿಯ ಊರುಗಳಲ್ಲಿ ಗೋಡೆ ಓರೆಯಾಗಿ ಬಿರುಕು ಬಿಡುವುದು ಸಾಮಾನ್ಯ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿಬಿಡುವ ಆ ಮಣ್ಣು ಬುನಾದಿಯನ್ನು ಅಲುಗಾಡಿಸುತ್ತಲೇ ಇರುತ್ತದೆ. ಇಲ್ಲಿ ಬರೀ ಸಿಮೆಂಟ್ ಮೆತ್ತಿ ಸುಣ್ಣ ಹೊಡೆಸುವುದು ದಂಡ. ಗೋಡೆಯ ಬುಡಕ್ಕೆ ನೀರು ಇಂಗದಂತೆ ಸುತ್ತಲೂ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ, ಚಾವಣಿಯ ನೀರನ್ನು ಪೈಪಿನಲ್ಲಿ ದೂರ ಸಾಗಿಸುವ ಕೆಲಸವನ್ನೂ ಪಟ್ಟಿಗೆ ಸೇರಿಸಿ. ಇದನ್ನು ಬಿಟ್ಟಲ್ಲೇ ಮೂರನೇ ವರ್ಷಕ್ಕೆ ಅದೇ ಗೋಡೆಗೆ ಮತ್ತೆ ಅನುದಾನ ಕೇಳುವುದು.

ಶಾಲೆಯಲ್ಲಿ ಏನೇನು ಇರಲೇಬೇಕು ಎಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ: ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ, ಬಾಲಕ–ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಅಂಗವಿಕಲ ಮಕ್ಕಳೂ ಬರಲು ಅಡ್ಡಿಯಿಲ್ಲದ ದಾರಿ. ಇದರಲ್ಲಿ ನಿಮ್ಮ ಶಾಲೆಗೆ ಯಾವುದಿಲ್ಲವೋ ಅದನ್ನು ಕಾಯ್ದೆಯ ಹೆಸರು ಹೇಳಿಯೇ ಕೇಳಿ.

ಜಾಗ ಯಾರ ಹೆಸರಲ್ಲಿದೆ?

ರಿಪೇರಿಗೆ ಈ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಹೊಸ ಕೋಣೆ, ಕಾಂಪೌಂಡ್ ಎಂದ ಕೂಡಲೇ ಮೊದಲು ಕೇಳುವುದೇ ಇದನ್ನು. ಹಿಂದೆ ಊರಿನ ಗೌಡರೋ ಸಾಹುಕಾರರೋ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ನಿಂತ ಶಾಲೆಗಳು ಬಹಳ. ಪಹಣಿಯಲ್ಲಿ ಇಂದಿಗೂ ಅವರ ಮನೆತನದ ಹೆಸರೇ ಇರುತ್ತದೆ. ಕಾಂಪೌಂಡ್‌ಗೆ ದಾರ ಹಿಡಿದ ದಿನ ಮೊಮ್ಮಕ್ಕಳು ಬಂದು ನಿಲ್ಲುತ್ತಾರೆ. ದಾನಪತ್ರ ನೋಂದಣಿ ಮಾಡಿಸಿ, ಶಾಲೆಯ ಹೆಸರಿಗೆ ಖಾತೆ ಮಾಡಿಸಿಕೊಳ್ಳುವುದನ್ನು ಅನುದಾನ ಬರುವ ಮೊದಲೇ ಮುಗಿಸಿ. ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ (ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿನ ಗುರುತಿನ ಸಂಖ್ಯೆ) ಪ್ರತಿ ಅರ್ಜಿಯಲ್ಲೂ ಇರಲಿ. ಯುಡೈಸ್ ಮಾಹಿತಿಯಲ್ಲಿ ‘ಶೌಚಾಲಯ ಸುಸ್ಥಿತಿಯಲ್ಲಿದೆ’ ಎಂದು ತುಂಬಿ, ಅರ್ಜಿಯಲ್ಲಿ ‘ಹಾಳಾಗಿದೆ’ ಎಂದು ಬರೆದರೆ ನಂಬುವವರಾರು? ಮೊದಲು ಅದನ್ನು ತಿದ್ದಿಸಿ.

ಯಾವ ಕೆಲಸಕ್ಕೆ ಯಾವ ಚೀಲ

ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಪಂಚಾಯಿತಿಗೆ ಬರುವ ಹಣವೆಲ್ಲ ಒಂದೇ ಚೀಲದಲ್ಲಿ ಇರುವುದಿಲ್ಲ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಅನುದಾನದ ಶೇ 60 ಭಾಗವನ್ನು ನೈರ್ಮಲ್ಯ ಮತ್ತು ಕುಡಿಯುವ ನೀರಿಗೇ ಮೀಸಲಿಡಲಾಗಿತ್ತು. ಇದಕ್ಕೆ ‘ನಿರ್ಬಂಧಿತ’ ಎನ್ನುತ್ತಾರೆ. ಉಳಿದ ಶೇ 40 ‘ಅನಿರ್ಬಂಧಿತ’: ಸಂಬಳ, ಕಚೇರಿ ವೆಚ್ಚಕ್ಕೆ ಬಿಟ್ಟು ಊರಿನ ಅಗತ್ಯಕ್ಕೆ ಬಳಸಬಹುದಾದದ್ದು. ಶೌಚಾಲಯಕ್ಕೆ ನೀರು, ಕುಡಿಯುವ ನೀರಿನ ಟ್ಯಾಂಕ್, ಮಳೆನೀರು ಸಂಗ್ರಹವನ್ನು ಮೊದಲ ಚೀಲದಿಂದ ಕೇಳಬೇಕು. ಚಾವಣಿ, ಕಿಟಕಿ, ನೆಲದ ಕೆಲಸವನ್ನು ಎರಡನೆಯದರಿಂದ. ಎಲ್ಲವನ್ನೂ ‘ಶಾಲಾ ಅಭಿವೃದ್ಧಿ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ರಸ್ತೆ, ಚರಂಡಿ ಕೇಳುವವರ ಜತೆ ಆ ಸಣ್ಣ ಚೀಲಕ್ಕೇ ಜಗ್ಗಾಡಬೇಕಾಗುತ್ತದೆ. ಈ ವರ್ಷದ ಮಾರ್ಗಸೂಚಿಯಲ್ಲಿ ಪಾಲು ಎಷ್ಟಿದೆ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಕೇಳಿ ತಿಳಿದೇ ಬರೆಯಿರಿ.

ರ‍್ಯಾಂಪ್ ಕಟ್ಟಿಸಲು, ಪಂಚಾಯಿತಿಯು ತನ್ನ ಸ್ವಂತ ಆದಾಯದಲ್ಲಿ ಅಂಗವಿಕಲರಿಗಾಗಿ ಮೀಸಲಿಡುವ ಹಣವನ್ನು ಕೇಳಬಹುದು. ಮನೆ ಕರ ಸರಿಯಾಗಿ ವಸೂಲಾಗದ ಊರಲ್ಲಿ ಈ ಮೊತ್ತ ಸಣ್ಣದಿರುತ್ತದೆ; ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆ ಇರುವ ಪಂಚಾಯಿತಿಗಳ ಮಾತು ಬೇರೆ. ಸುಣ್ಣದಕಲ್ಲಿನ ಗಣಿಗಳಿಂದ ಬಾಧಿತವಾದ ಅಲ್ಲಿನ ಊರುಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ದಾರಿಯೂ ಇದೆ. ಶಿಕ್ಷಣ ಅದರ ಆದ್ಯತಾ ಪಟ್ಟಿಯಲ್ಲೇ ಇದೆ.

ಬಲ್ಬು, ಬೀಗ, ನಲ್ಲಿಯಂಥ ಚಿಲ್ಲರೆ ರಿಪೇರಿಗೆ ಪಂಚಾಯಿತಿವರೆಗೆ ಹೋಗುವುದೇ ಬೇಡ. ‘ಸಮಗ್ರ ಶಿಕ್ಷಣ’ ಯೋಜನೆಯ ವಾರ್ಷಿಕ ಶಾಲಾ ಅನುದಾನ ಅದಕ್ಕೇ ಇರುವುದು. ಯೋಜನೆಯ ಮಾರ್ಗಸೂಚಿಯ ಪ್ರಕಾರ 31ರಿಂದ 100 ಮಕ್ಕಳಿರುವ ಶಾಲೆಗೆ ₹25 ಸಾವಿರದವರೆಗೆ, 101ರಿಂದ 250 ಇದ್ದರೆ ₹50 ಸಾವಿರದವರೆಗೆ.

ಹೊಸ ಕೋಣೆ ಗ್ರಾಮ ಪಂಚಾಯಿತಿಯ ಕೈಗೆ ಮೀರಿದ್ದು. ಅದಕ್ಕೆ ಶಿಕ್ಷಣ ಇಲಾಖೆಯ ಪಟ್ಟಿ, ಶಾಸಕರ ನಿಧಿ, ಇಲ್ಲವೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ‘ವಿವೇಕ’ ಯೋಜನೆಯ 7,601 ಕೋಣೆಗಳಿಗೆ 2022ರ ನವೆಂಬರ್ 14ರಂದು ಚಾಲನೆ ಸಿಕ್ಕಿದ್ದು ಆಳಂದ ತಾಲ್ಲೂಕಿನ ಮಾದಿಯಾಳದಲ್ಲಿ. ಅಂಥ ಯೋಜನೆ ಬಂದಾಗ ಬಿಇಒ ಕಚೇರಿಯ ಬೇಡಿಕೆ ಪಟ್ಟಿಯಲ್ಲಿ ಮೊದಲೇ ಇದ್ದ ಶಾಲೆಗಳಿಗೆ ದಾರಿ ಸುಲಭ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ರಚನೆಯಾದ ಮಂಡಳಿಯ ಹಣವೂ ಶಾಲಾ ಕಟ್ಟಡಗಳಿಗೆ ಬರುತ್ತದೆ. ಅಲ್ಲಿ ಶಾಸಕರು ಕೊಡುವ ಪಟ್ಟಿಗೆ ತೂಕ ಹೆಚ್ಚು. ಹಾಗಾಗಿ ಗ್ರಾಮಸಭೆಯ ಠರಾವಿನ ನಕಲು ಅವರ ಕಚೇರಿಗೂ ಹೋಗಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೊದಲು ಊರಿನ ಶಾಲೆಯ ಮಾತೆತ್ತಲು ಒಬ್ಬ ಸದಸ್ಯರಿರುತ್ತಿದ್ದರು. ಈಗ ಆ ಭಾರವೂ ಕಾಗದದ ಮೇಲೆಯೇ ಬಿದ್ದಿದೆ.

ಠರಾವು ಬರೆಸುವ ಬಗೆ

ಮೊದಲು ಎಸ್‌ಡಿಎಂಸಿ ಸಭೆ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಸಮಿತಿಯೇ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಅನುದಾನ ಕೊಡಲು ಅದೇ ಆಧಾರ. ಎಷ್ಟೋ ಕಡೆ ಈ ಯೋಜನೆ ಮುಖ್ಯ ಗುರುಗಳ ಕಪಾಟಿನಲ್ಲೇ ಉಳಿಯುತ್ತದೆ. ಅದನ್ನು ಹೊರತೆಗೆದು, ಸಹಿ ಮಾಡಿಸಿ, ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ನಂತರ ವಾರ್ಡ್ ಸಭೆ, ಅಲ್ಲಿಂದ ಗ್ರಾಮಸಭೆ. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಸಭೆಗಳು ಸಾಮಾನ್ಯವಾಗಿ ಅಕ್ಟೋಬರ್ 2ರ ನಂತರ ಶುರುವಾಗುತ್ತವೆ. ವಾರ್ಡ್ ಸಭೆಯಲ್ಲಿ ಬಾರದ ಕೆಲಸವನ್ನು ಗ್ರಾಮಸಭೆಯಲ್ಲಿ ತೂರಿಸುವುದು ಕಷ್ಟ. ಗ್ರಾಮಸಭೆ ಊರಿನ ಮತದಾರರದ್ದು. ಕಲಬುರಗಿಯಿಂದ ದಿನಾ ಬಸ್ಸಿಗೆ ಬಂದುಹೋಗುವ ಮಾಸ್ತರರ ಬೇಡಿಕೆಗಿಂತ ಊರಿನ ನಾಲ್ಕು ಮಂದಿ ತಾಯಂದಿರು ಎದ್ದುನಿಂತು ಕೇಳಿದ್ದಕ್ಕೆ ಬೆಲೆ ಹೆಚ್ಚು.

‘ಶಾಲೆ ಅಭಿವೃದ್ಧಿಪಡಿಸಲು ಚರ್ಚಿಸಲಾಯಿತು’ ಎಂದು ನಡಾವಳಿಯಲ್ಲಿ ಬರೆದರೆ ಒಪ್ಪಬೇಡಿ. ಚರ್ಚೆಗೆ ಯಾರೂ ಹಣ ಬಿಡುಗಡೆ ಮಾಡುವುದಿಲ್ಲ. ಹೀಗಿರಲಿ: ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ (ಯುಡೈಸ್ ಸಂಖ್ಯೆ ……) 3 ಮತ್ತು 4ನೇ ಕೋಣೆಗಳ ಚಾವಣಿ ದುರಸ್ತಿಯನ್ನು ಅನಿರ್ಬಂಧಿತ ಅನುದಾನದಲ್ಲಿ, ಬಾಲಕಿಯರ ಶೌಚಾಲಯಕ್ಕೆ ನೀರಿನ ಸಂಪರ್ಕವನ್ನು ನಿರ್ಬಂಧಿತ ಅನುದಾನದಲ್ಲಿ, ಮುಂದಿನ ವರ್ಷದ ಯೋಜನೆಯ ಮೊದಲ ಎರಡು ಆದ್ಯತೆಗಳಾಗಿ ಸೇರಿಸಲು ಸಭೆ ಒಪ್ಪಿ ತೀರ್ಮಾನಿಸಿದೆ.’ ಬರೆದದ್ದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ. ಖಾಲಿ ಹಾಳೆಗೆ ಸಹಿ ಪಡೆದು ‘ಆಮ್ಯಾಲೆ ಬರೀತೀವ್ರೀ’ ಎನ್ನುವ ರೂಢಿಗೆ ಬಗ್ಗಬೇಡಿ.

ಕಲಬುರಗಿ, ಬೀದರ್, ಯಾದಗಿರಿ ನಗರದೊಳಗಿನ ಶಾಲೆಗಳಿಗೆ ಗ್ರಾಮಸಭೆ ಇಲ್ಲ. ಅಲ್ಲಿ ಬಜೆಟ್‌ಗೆ ಮೊದಲೇ ವಾರ್ಡ್ ಸದಸ್ಯರಿಗೆ, ಆಯುಕ್ತರಿಗೆ ಅಥವಾ ಪೌರಾಯುಕ್ತರಿಗೆ ಇದೇ ಪಟ್ಟಿ ಕೊಡಬೇಕು.

ಯೋಜನೆಯಲ್ಲಿ ಸೇರಿತು, ಮುಂದೆ?

ಕಿರಿಯ ಎಂಜಿನಿಯರ್ (ಜೆಇ) ಬಂದು ಅಳತೆ ಮಾಡಿ ಅಂದಾಜು ಪಟ್ಟಿ ತಯಾರಿಸುತ್ತಾರೆ. ಆ ದಿನ ನೀವು ಜತೆಗಿರಿ; ಮಳೆಯಲ್ಲಿ ತೆಗೆದ ಫೋಟೊ ಆಗ ಕೆಲಸಕ್ಕೆ ಬರುತ್ತದೆ. ಯೋಜನೆಯಲ್ಲಿ ನಿಮ್ಮ ಕೆಲಸ ಇದೆಯೇ ಎಂಬುದನ್ನು ಇ–ಗ್ರಾಮಸ್ವರಾಜ್ ಜಾಲತಾಣದಲ್ಲಿ ಮೊಬೈಲ್‌ನಲ್ಲೇ ನೋಡಬಹುದು. ಠರಾವಿನಲ್ಲಿದ್ದದ್ದು ಅಲ್ಲಿ ಕಾಣದಿದ್ದರೆ ಪಿಡಿಒ ಅವರಿಗೆ, ನಂತರ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ ಬರೆಯಿರಿ. ಉತ್ತರ ಬಾರದಿದ್ದರೆ ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿ. 30 ದಿನದಲ್ಲಿ ಉತ್ತರಿಸಬೇಕು.

ಕೆಲಸ ಏಪ್ರಿಲ್–ಮೇ ರಜೆಯಲ್ಲೇ ಮುಗಿಯಬೇಕು. ಆದರೆ ನಮ್ಮ ಬಿಸಿಲಿಗೆ ಹೊಸ ಸಿಮೆಂಟ್ ಬೇಗ ಒಣಗಿ ಬಿರಿಯುತ್ತದೆ. ಕನಿಷ್ಠ ಒಂದು ವಾರ ನೀರುಣಿಸುವ ಜವಾಬ್ದಾರಿ ಗುತ್ತಿಗೆದಾರರದ್ದೇ ಎಂದು ಮೊದಲೇ ಹೇಳಿ, ನೀರು ಎಲ್ಲಿಂದ ತರುತ್ತಾರೆ ಎಂಬುದನ್ನೂ ಕೇಳಿ. ಅಂದಾಜು ಪಟ್ಟಿಯ ನಕಲು ಹಿಡಿದು ಎಸ್‌ಡಿಎಂಸಿಯ ಇಬ್ಬರು ಕೆಲಸ ನೋಡುತ್ತಿರಲಿ. ಕೊನೆಯ ಬಿಲ್ಲಿಗೆ ಮೊದಲು ಚಾವಣಿಯ ಮೇಲೆ ನೀರು ನಿಲ್ಲಿಸಿ ಒಂದು ದಿನ ಬಿಟ್ಟು ಕೆಳಗಿನಿಂದ ನೋಡಿ. ತೇವ ಕಂಡರೆ ಸಮಿತಿಯ ಪತ್ರ ಅಂದೇ ಪಂಚಾಯಿತಿ ತಲುಪಲಿ. ಗುತ್ತಿಗೆದಾರರ ಠೇವಣಿ ವಾಪಸಾಗುವ ಮೊದಲು ಕೊಟ್ಟ ಪತ್ರದಿಂದ ರಿಪೇರಿ ಅವರ ಖರ್ಚಿನಲ್ಲೇ ಆಗುತ್ತದೆ.