ಮದರಂಗಿ ಮನೇಲೇ ಕಲೆಸೋದು ಹೇಗೆ, ಯಾರಿಗೆ ಹಚ್ಚಬಾರದು, ಯಾಕೆ ಹಚ್ಚಬಾರದು

ಮದುವೆ ಸೀಸನ್ ಬಂತು ಅಂದ್ರೆ ಅಂಗಡಿ ತುಂಬಾ ರೆಡಿಮೇಡ್ ಕೋನ್, ಹತ್ತೇ ನಿಮಿಷಕ್ಕೆ ಕಡುಗೆಂಪು, ಅರ್ಧ ಗಂಟೆಗೆ ಕಪ್ಪು ಅಂತೆಲ್ಲ. ನಿಜವಾದ ಸೊಪ್ಪಿನ ಮದರಂಗಿ ಅಷ್ಟು ಬೇಗ ಬಣ್ಣ ಬಿಡಲ್ಲ, ಹಚ್ಚಿದ ತಕ್ಷಣ ಕಪ್ಪಂತೂ ಆಗೋದೇ ಇಲ್ಲ. ಇದು ಅರ್ಥ ಆಗ್ಬೇಕಂದ್ರೆ ಎಲೆಯಿಂದ ಬರೋ ಲಾಸೋನ್ ಅನ್ನೋ ಬಣ್ಣದ ವಸ್ತು ಗೊತ್ತಿರ್ಬೇಕು. ಅದೊಂದು ಕ್ವಿನೋನ್, ಅಂದ್ರೆ ಉಂಗುರದಲ್ಲಿ ಎರಡು ಆಕ್ಸಿಜನ್ ಎದುರುಬದುರು ಕೂತಿರೋ ಅಣು, ಎಲೆಕ್ಟ್ರಾನ್ ಸಿಕ್ಕಿದ್ರೆ ಎಳ್ಕೊಳ್ಳೋಕೆ ಕಾಯ್ತಿರುತ್ತೆ. ಈ ಗುಣಾನೇ ಕೈಗೆ ಬಣ್ಣ ಕೊಡೋದು, ಇದೇ ಗುಣ ಕೆಲವರ ರಕ್ತಕ್ಕೆ ವಿಷ ಆಗೋದು.

ಮೊದಲು ಕಲೆಸೋದು. ಪುಡಿ ಹಸಿರಾಗಿರ್ಬೇಕು, ಒಣ ಹುಲ್ಲಿನ ಥರ ವಾಸನೆ ಬರ್ಬೇಕು, ಕಂದು ಬಣ್ಣಕ್ಕೆ ತಿರುಗಿದ್ರೆ ಹಳೇದು ಅಂತ ಲೆಕ್ಕ. ತೆಳು ಬಟ್ಟೇಲಿ ಸೋಸಿ, ಸ್ಟೀಲ್ ಅಥವಾ ಗಾಜಿನ ಬಟ್ಟಲಲ್ಲಿ ಹಾಕಿ, ನಿಂಬೆರಸ ಹಿಂಡಿ ಗಟ್ಟಿಯಾಗಿ ಕಲೆಸಿ. ನಿಂಬೆ ಯಾಕೆ ಅಂದ್ರೆ ಎಲೇಲಿ ಲಾಸೋನ್ ಆಗೋ ವಸ್ತು ಸಕ್ಕರೆ ಅಣುವಿಗೆ ಅಂಟ್ಕೊಂಡಿರುತ್ತೆ, ಹುಳಿ ಅದನ್ನ ನಿಧಾನಕ್ಕೆ ಬಿಡಿಸುತ್ತೆ. ಮುಚ್ಚಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೇಲ್ಪದರ ಕಂದಾಗಿ ಒಳಗಡೆ ಹಸಿರಿದ್ರೆ, ಒಂಚೂರು ಅಂಗೈ ಮೇಲಿಟ್ಟು ಐದು ನಿಮಿಷಕ್ಕೆ ಒರೆಸಿದ್ರೆ ಕಿತ್ತಳೆ ಕಲೆ ಬಿದ್ರೆ, ರೆಡಿ. ಸೀಮೆಎಣ್ಣೆ ಪೆಟ್ರೋಲ್ ಬೆರೆಸೋರಿದ್ದಾರೆ, ದಯವಿಟ್ಟು ಬೇಡ, ಎರಡು ಹನಿ ನೀಲಗಿರಿ ಎಣ್ಣೆ ಸಾಕು.

ಹಚ್ಚಿ ನಾಲ್ಕೈದು ಗಂಟೆ ಬಿಟ್ಟು, ತೊಳೀದೆ ಕೆರೆದು ತೆಗೀರಿ, ಆ ದಿನ ಆದಷ್ಟು ನೀರು ಮುಟ್ಟಿಸ್ಬೇಡಿ. ಮೊದಲು ಕಿತ್ತಳೆ ಕಾಣುತ್ತೆ, ಒಂದೆರಡು ದಿನಕ್ಕೆ ಗಾಳಿ ತಾಗಿ ಕಡುಗೆಂಪಾಗುತ್ತೆ. ಚರ್ಮದ ಮೇಲ್ಪದರದ ಕೆರಾಟಿನ್ ಪ್ರೋಟೀನಿಗೆ ಲಾಸೋನ್ ಕಚ್ಕೊಂಡ್ಬಿಡುತ್ತೆ, ಸೋಪು ಹಾಕಿದ್ರೂ ಬಿಡಲ್ಲ, ಆ ಪದರ ಉದುರೋವರ್ಗೂ ಇರುತ್ತೆ. ಅಂಗೈ ಅಂಗಾಲಲ್ಲಿ ಆ ಪದರ ದಪ್ಪ, ಅದಕ್ಕೇ ಅಲ್ಲಿ ಬಣ್ಣ ಜಾಸ್ತಿ. ಅಲ್ಲಿರೋದೆಲ್ಲ ಸತ್ತ ಕೋಶಗಳು, ಕ್ವಿನೋನ್ ಎಷ್ಟು ಕಚ್ಚಿದ್ರೂ ನಷ್ಟ ಇಲ್ಲ.

ಜೀವ ಇರೋ ಕೋಶದ ಕಥೆ ಬೇರೆ. ಕ್ವಿನೋನ್‌ಗಳೆಲ್ಲ ಕೆಟ್ಟವಲ್ಲ, ಕೋಶಕ್ಕೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್ ಸಾಗಿಸೋ ಯುಬಿಕ್ವಿನೋನ್ ಇಲ್ದಿದ್ರೆ ನಾವು ಉಸಿರಾಡಿಯೂ ಪ್ರಯೋಜನ ಇಲ್ಲ, ವಿಟಮಿನ್ ಕೆ ಕೂಡ ಇದೇ ಜಾತಿ. ಆದ್ರೆ ಹೊರಗಿಂದ ಬಂದ ಕ್ವಿನೋನ್‌ಗೆ ಕೋಶದ ಕಿಣ್ವ ಒಂದೇ ಒಂದು ಎಲೆಕ್ಟ್ರಾನ್ ಕೊಟ್ರೆ ಅದು ಸೆಮಿಕ್ವಿನೋನ್ ಆಗುತ್ತೆ, ಅದು ಆ ಎಲೆಕ್ಟ್ರಾನನ್ನ ಆಕ್ಸಿಜನ್‌ಗೆ ದಾಟಿಸಿ ಸೂಪರಾಕ್ಸೈಡ್ ಅನ್ನೋ ಹಾನಿ ಮಾಡೋ ಅಣು ಮಾಡುತ್ತೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ತಾನು ಮಾತ್ರ ಮತ್ತೆ ಮೊದಲಿನ ರೂಪಕ್ಕೆ ಬಂದು ಇನ್ನೊಂದು ಸುತ್ತಿಗೆ ರೆಡಿ. ಖರ್ಚೇ ಆಗ್ದೆ ಸುತ್ತುತ್ತಿರೋದ್ರಿಂದ ಸ್ವಲ್ಪ ಇದ್ರೂ ಹಾನಿ ದೊಡ್ಡದು. ಜೊತೆಗೆ ಕೆಲವು ಕ್ವಿನೋನ್‌ಗಳು ಕೋಶವನ್ನ ಕಾಯೋ ಗ್ಲುಟಥಯೋನ್‌ಗೇ ನೇರವಾಗಿ ಅಂಟ್ಕೊಂಡು ಅದನ್ನ ಖಾಲಿ ಮಾಡ್ತವೆ.

ಕೆಂಪು ರಕ್ತಕಣದಲ್ಲಿ ಮೈಟೋಕಾಂಡ್ರಿಯಾ ಇಲ್ಲ, ಗ್ಲುಟಥಯೋನ್ ರಿಪೇರಿಗೆ ಅದು ಜಿ6ಪಿಡಿ ಅನ್ನೋ ಕಿಣ್ವವನ್ನೇ ನಂಬ್ಕೊಂಡಿದೆ. ಹುಟ್ಟಿನಿಂದಲೇ ಈ ಕಿಣ್ವ ಕಮ್ಮಿ ಇರೋರಿದ್ದಾರೆ, ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿರೋದ್ರಿಂದ ಗಂಡುಮಕ್ಕಳಲ್ಲಿ ಜಾಸ್ತಿ. ಅಂಥವರಿಗೆ ಲಾಸೋನ್ ಚರ್ಮದೊಳಗಿಂದ ರಕ್ತಕ್ಕೆ ಹೋದ್ರೆ ಹಿಮೋಗ್ಲೋಬಿನ್ ಕೆಟ್ಟು ಕಣಗಳು ಒಡೀತವೆ. 1996ರಲ್ಲಿ ಜಿಂಕ್‌ಹ್ಯಾಮ್ ಮತ್ತು ಆಸ್ಕಿ ಅನ್ನೋ ವೈದ್ಯರು ರಕ್ತಕ್ಕೆ ಲಾಸೋನ್ ಬೆರೆಸಿ, ಹಿಮೋಗ್ಲೋಬಿನ್ ಆಕ್ಸಿಜನ್ ಹೊರೋಕಾಗದ ಮೆಥೆಮೊಗ್ಲೋಬಿನ್ ಆಗೋದನ್ನ ತೋರಿಸಿದ್ರು. ಬಟ್ಟೆ ಬೀರೂನಲ್ಲಿಡೋ ನ್ಯಾಫ್ತಲೀನ್ ಗುಳಿಗೇನೂ ಇದೇ ದಾರಿ, ದೇಹದಲ್ಲಿ ಅದು ನ್ಯಾಫ್ಥೋಕ್ವಿನೋನ್ ಆಗುತ್ತೆ.

ಹಾಗಾಗಿ ಹಸುಗೂಸಿಗೆ ಶಾಸ್ತ್ರಕ್ಕೆ ಅಂತಾನೂ ಮದರಂಗಿ ಹಚ್ಚಬೇಡಿ, ಮನೇಲಿ ದೊಡ್ಡೋರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಮಗುವಿನ ಚರ್ಮ ತೆಳು, ಮೈತೂಕಕ್ಕೆ ಹೋಲಿಸಿದ್ರೆ ಹಚ್ಚೋ ಜಾಗ ಜಾಸ್ತಿ, ಮೊದಲೇ ಕಾಮಾಲೆ ಭಯ ಬೇರೆ. ಜಿ6ಪಿಡಿ ಕೊರತೆ ಇದೆ ಅಂತ ಗೊತ್ತಿರೋರು, ಮನೇಲಿ ಯಾರಿಗಾದ್ರೂ ಇದ್ದೋರು, ದೊಡ್ಡೋರಾದ್ರೂ ಡಾಕ್ಟರ್ ಕೇಳ್ದೆ ಹಚ್ಕೋಬೇಡಿ. ಗಾಯ, ಎಗ್ಜಿಮಾ ಇರೋ ಕಡೆ ಯಾರಿಗೂ ಬೇಡ.

ಆ ಕಪ್ಪು ಕೋನ್ ವಿಷಯಕ್ಕೆ ಬಂದ್ರೆ, ಅದರಲ್ಲಿ ಹೆಚ್ಚಾಗಿ ಇರೋದು ಹೇರ್ ಡೈಗೆ ಹಾಕೋ ಪಿಪಿಡಿ ಅನ್ನೋ ರಾಸಾಯನಿಕ. ಗಾಳಿ ತಾಗಿದ್ರೆ ಇದೂ ಕ್ವಿನೋನ್‌ನ ದಾಯಾದಿ ಆಗಿ, ಚರ್ಮದ ಪ್ರೋಟೀನಿಗೆ ಅಂಟಿ ಕೆಲವರಿಗೆ ಅಲರ್ಜಿ ಹುಟ್ಟಿಸುತ್ತೆ. ಬೊಬ್ಬೆ ಏಳುತ್ತೆ, ಡಿಸೈನ್ ಇದ್ದ ಹಾಗೇ ಗಾಯ ಆಗುತ್ತೆ, ಅಂಥವರು ಮುಂದೆ ಜೀವಮಾನಪೂರ್ತಿ ಪಿಪಿಡಿ ಇರೋ ಹೇರ್ ಡೈ ಹಚ್ಚೋ ಹಾಗಿರಲ್ಲ. ಪ್ಯಾಕೆಟ್ ಮೇಲೆ ಏನು ಹಾಕಿದ್ದಾರೆ ಅಂತ ಬರೆದಿಲ್ಲ ಅಂದ್ರೆ ಕೊಳ್ಳಲೇಬೇಡಿ.

ಹಚ್ಚಿದ ಕೆಲವು ದಿನದೊಳಗೆ ಮಗು ಬಿಳಿಚ್ಕೊಂಡ್ರೆ, ಕಣ್ಣು ಹಳದಿ ಆದ್ರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ತಡ ಮಾಡ್ದೆ ಆಸ್ಪತ್ರೆಗೆ ಹೋಗಿ, ಮದರಂಗಿ ಹಚ್ಚಿದ್ವಿ ಅಂತ ನೀವಾಗೇ ಹೇಳಿ, ಪ್ಯಾಕೆಟ್ ಜೊತೇಲಿ ತಗೊಂಡು ಹೋಗಿ. ಆ ಹೊತ್ತಲ್ಲಿ ಮಾಡಿದ ಜಿ6ಪಿಡಿ ಟೆಸ್ಟ್ ನಾರ್ಮಲ್ ಬಂದ್ರೂ ನಂಬ್ಕೊಂಡು ಕೂರಬೇಡಿ, ಕಿಣ್ವ ಕಮ್ಮಿ ಇದ್ದ ಹಳೇ ಕಣಗಳು ಆಗ್ಲೇ ಒಡೆದು ಹೋಗಿ ಹೊಸ ಕಣಗಳಷ್ಟೇ ಲೆಕ್ಕಕ್ಕೆ ಸಿಕ್ಕಿರ್ತವೆ, ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡ್ಸಿ.